ಮೊದಲು ಕೈ, ಆಮೇಲೆ ಪಾನಾ: ಬಳ್ಳಾರಿಯ ಒಂದು ಗೇರ್ ಸೈಕಲ್‌ಗೆ ಹೊಸ ಬಿಬಿ

ಸೈಕಲ್ ನನ್ನ ಅಕ್ಕನ ಮಗನದು. ಸ್ಟೀಲ್ ಫ್ರೇಮ್, ಮುಂದೆ ಮೂರು ಚೈನ್ ವೀಲ್, ಹಿಂದೆ ಏಳು ಗೇರಿನ ಫ್ರೀವೀಲ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ರಜೆ ಸಿಕ್ಕರೆ ಸಾಕು, ತೋರಣಗಲ್ಲು ದಾಟಿ ಸಂಡೂರಿನ ಕಡೆ ಹೊರಟುಬಿಡುತ್ತಾನೆ. ಏರಿನಲ್ಲಿ ಎದ್ದು ನಿಂತು ತುಳಿದರೆ ಕೆಳಗಿನಿಂದ ಕಟ್ ಕಟ್ ಅಂತ ಸದ್ದು ಬರುತ್ತಿತ್ತು. "ಮಾಮ, ಚೈನ್ ಹೋಗಿರ್ಬೇಕು, ಬದ್ಲಿ ಮಾಡ್ಸ್ಲಾ?" ಅಂತ ಕೇಳಿದ. ಚೈನಿಗೆ ದುಡ್ಡು ಹಾಕುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ನೋಡೋಣ ಅಂದೆ.

ಪೆಡಲ್ ಸದ್ದಿಗೆ ಎಲ್ಲರೂ ಬಿಬಿಯನ್ನೇ ದೂರುತ್ತಾರೆ. ಬಿಬಿ ಅಂದರೆ ಬಾಟಮ್ ಬ್ರಾಕೆಟ್: ಪೆಡಲ್ ಹಿಡಿದಿರುವ ಎರಡು ತೋಳುಗಳ, ಅಂದರೆ ಕ್ರ್ಯಾಂಕ್‌ಗಳ, ನಡುವಿನ ಆಕ್ಸೆಲ್ ಮತ್ತು ಅದರ ಬೇರಿಂಗ್. ಆದರೆ ಸೀಟ್ ಪೋಸ್ಟ್ ಒಣಗಿದ್ದರೂ ಇದೇ ಸದ್ದು. ಚೈನ್ ವೀಲ್‌ನ ಬೋಲ್ಟ್ ಸಡಿಲವಾದರೂ ಇದೇ ಸದ್ದು. ಪೆಡಲ್ ಕ್ರ್ಯಾಂಕಿಗೆ ಸರಿಯಾಗಿ ಬಿಗಿಯಾಗಿರದಿದ್ದರೂ ಅಷ್ಟೇ. ಹಾಗಾಗಿ ಒಂದೊಂದನ್ನೇ ಬಿಟ್ಟುಕೊಂಡು ಬರಬೇಕು. ಸೀಟಿನಿಂದ ಎದ್ದು ತುಳಿದಾಗಲೂ ಸದ್ದು ಬರುತ್ತಿತ್ತು, ಅಂದರೆ ಸೀಟ್ ಪೋಸ್ಟ್ ಅಲ್ಲ. ಪೆಡಲ್‌ಗಳನ್ನು ಬಿಚ್ಚಿ ಗ್ರೀಸ್ ಹಚ್ಚಿ ಮತ್ತೆ ಹಾಕಿದರೂ ಸದ್ದು ಹೋಗಲಿಲ್ಲ. ಆಮೇಲೆ ಎಡಗಡೆಯ ಕ್ರ್ಯಾಂಕ್ ತುದಿಯನ್ನು ಹಿಡಿದು ಫ್ರೇಮ್ ಕಡೆಗೆ ತಳ್ಳಿ, ಎಳೆದು ನೋಡಿದೆ. ಬಲಗಡೆಯ ಕ್ರ್ಯಾಂಕೂ ಜೊತೆಗೇ ಅಲ್ಲಾಡಿತು. ಇದು ಮುಖ್ಯವಾದ ಗುರುತು. ಒಂದೇ ಕ್ರ್ಯಾಂಕ್ ಅಲ್ಲಾಡಿದರೆ ಆ ಕ್ರ್ಯಾಂಕಿನ ಬೋಲ್ಟ್ ಸಡಿಲ. ಎರಡೂ ಒಟ್ಟಿಗೆ ಅಲ್ಲಾಡಿದರೆ ಆಟ, ಅಂದರೆ ಸಡಿಲ, ಇರುವುದು ಒಳಗಡೆ, ಬಿಬಿಯಲ್ಲಿ.

ಬಿಚ್ಚುವ ಕೆಲಸದಲ್ಲಿ ಮೊದಲ ಅಪಾಯ ಕ್ರ್ಯಾಂಕ್‌ನದು. ಈ ಸೈಕಲ್ಲಿನ ಆಕ್ಸೆಲ್ ತುದಿ ಚೌಕ. ಅದರ ಮೇಲೆ ಅಲ್ಯೂಮಿನಿಯಂ ಕ್ರ್ಯಾಂಕ್ ಬಿಗಿಯಾಗಿ ಕೂತಿರುತ್ತದೆ. 14 ಎಂಎಂ ಬಾಕ್ಸ್ ಪಾನಾದಿಂದ ಬೋಲ್ಟ್ ತೆಗೆದು, ಕ್ರ್ಯಾಂಕ್ ಪುಲ್ಲರ್ ಹಾಕಬೇಕು. ಪುಲ್ಲರ್ ಕೂರುವ ಥ್ರೆಡ್ 22 ಎಂಎಂ ಅಗಲದ್ದು, ತುಂಬಾ ಸಣ್ಣ ಹಲ್ಲಿನದು, ಅದೂ ಅಲ್ಯೂಮಿನಿಯಂ. ಬೋಲ್ಟಿನ ಕೆಳಗೆ ವಾಷರ್ ಇದ್ದರೆ ಅದನ್ನೂ ಮರೆಯದೆ ತೆಗೆಯಬೇಕು. ಪುಲ್ಲರನ್ನು ಕೈಯಲ್ಲೇ ಕೊನೆತನಕ ತಿರುಗಿಸಿ ಕೂರಿಸಬೇಕು. ಅರ್ಧಕ್ಕೆ ನಿಂತದ್ದನ್ನು ಪಾನಾ ಹಾಕಿ ಎಳೆದರೆ ಕ್ರ್ಯಾಂಕಿನ ಥ್ರೆಡ್ ಪೂರಾ ಕಿತ್ತು ಕೈಗೆ ಬರುತ್ತದೆ. ಆಮೇಲೆ ಆ ಕ್ರ್ಯಾಂಕ್ ತೆಗೆಯಲು ಸುತ್ತಿಗೆಯೇ ಗತಿ.

ಕ್ರ್ಯಾಂಕ್ ಹೋದ ಮೇಲೆ ಎಡಗಡೆ ಲಾಕ್ ರಿಂಗ್ ಕಂಡಿತು. ಅದರ ಅಂಚಿನ ತುಂಬಾ ಚಾಣದ ಗುರುತು. ಯಾರೋ ಹಿಂದೆ ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಿದ್ದಾರೆ. ಇದನ್ನು ನೋಡಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಕೊಕ್ಕೆ ಪಾನಾ ದುಬಾರಿ ಸಾಮಾನೇನಲ್ಲ. ಚಾಣದ ಏಟು ರಿಂಗನ್ನು ತಿರುಗಿಸುವುದರ ಜೊತೆಗೆ ಓರೆಯಾಗಿಯೂ ತಳ್ಳುತ್ತದೆ. ಕೆಳಗಿರುವ ಥ್ರೆಡ್ ಫ್ರೇಮಿನದು. ಗುಂಡುಗಳನ್ನು ಹಿಡಿದು ಫ್ರೇಮಿನೊಳಗೆ ತಿರುಗಿ ಕೂರುವ ಬಟ್ಟಲು, ಅಂದರೆ ಕಪ್, ಹಾಳಾದರೆ ಇನ್ನೊಂದು ಸಿಗುತ್ತದೆ, ಫ್ರೇಮಿನ ಥ್ರೆಡ್ ಹಾಳಾದರೆ ಸೈಕಲ್ಲೇ ಹೋದ ಹಾಗೆ.

ಕೊಕ್ಕೆ ಪಾನಾ ಹಾಕಿ ರಿಂಗ್ ಬಿಚ್ಚಿದೆ. ಎಡಗಡೆಯ ಕಪ್ ಸಲೀಸಾಗಿ ಬಂತು. ಆಕ್ಸೆಲ್ ಎಳೆದಾಗ ಬಂದದ್ದು ಗ್ರೀಸ್ ಅಲ್ಲ, ಗಟ್ಟಿ ಕೆಂಪು ಪೇಸ್ಟ್. ಸಂಡೂರಿನ ಗುಡ್ಡಗಳಲ್ಲಿರುವುದು ಹೆಮಟೈಟ್ ಅದಿರು, ಅಂದರೆ ಕಬ್ಬಿಣದ ಆಕ್ಸೈಡ್. ಲಾರಿ ಓಡಾಡುವ ರಸ್ತೆಯ ಮೇಲೆಲ್ಲ ಅದರ ಧೂಳು. ಲೋಹಕ್ಕೂ ಗಾಜಿಗೂ ಹೊಳಪು ಕೊಡಲು ಬಳಸುವ ರೂಜ್ ಅನ್ನೋ ಪುಡಿ ಇದೆಯಲ್ವಾ, ಅದೂ ಇದೇ ಕಬ್ಬಿಣದ ಆಕ್ಸೈಡ್. ಧೂಳಿನ ಜೊತೆ ರಸ್ತೆಯ ಮರಳೂ ಸೇರುತ್ತದೆ. ಇವೆರಡೂ ಗ್ರೀಸಿನಲ್ಲಿ ಕಲೆತರೆ ಸಾಣೆ ಹಿಡಿಯುವ ಮಸಾಲೆ ತಯಾರು. ಬೇರಿಂಗ್ ಒಳಗೆ ಕೂತು ದಿನಾ ಅರೆಯುತ್ತಲೇ ಇರುತ್ತದೆ. ಆಕ್ಸೆಲ್ ಮೇಲೆ ಗುಂಡುಗಳು ಓಡುವ ಜಾಗದಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಉಗುರಿನ ತುದಿ ಸವರಿದರೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಷ್ಟಾದ ಮೇಲೆ ಹೊಸ ಗುಂಡು ಹಾಕಿ ಏನೂ ಪ್ರಯೋಜನವಿಲ್ಲ. ಆಕ್ಸೆಲ್, ಬೇರಿಂಗ್ ಎಲ್ಲ ಒಂದೇ ಕೊಳವೆಯೊಳಗೆ ಕೂತು ಸೀಲ್ ಆಗಿರುವ ಕಾರ್ಟ್ರಿಡ್ಜ್ ಬಿಬಿ ಹಾಕೋಣ ಅಂತ ತೀರ್ಮಾನಿಸಿದೆವು. ನಮ್ಮ ಕಡೆಯ ಧೂಳಿಗೆ ಅದೇ ಸರಿ.

ಇನ್ನು ಬಲಗಡೆಯ ಕಪ್. ಇದು ಉಲ್ಟಾ ಥ್ರೆಡ್. ಬಲಗಡೆ ನಿಂತು ನೋಡಿದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ, ಅದಕ್ಕೆ ಉಲ್ಟಾ ತಿರುಗಿಸಿದರೆ ಬಿಗಿಯಾಗುತ್ತದೆ. ಎಷ್ಟೋ ಫ್ರೇಮ್ ಹಾಳಾಗುವುದು ಇದೊಂದು ಗೊತ್ತಿಲ್ಲದೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನೂ ಬಿಗಿ ಮಾಡುತ್ತಾ ಹೋಗುತ್ತಾರೆ.

ಯಾಕೆ ಉಲ್ಟಾ ಅಂತ ಅಳಿಯ ಕೇಳಿದ. ಒಳ್ಳೆಯ ಪ್ರಶ್ನೆ. ಪೆಡಲ್ ತುಳಿದಾಗ ಭಾರ ಹೊತ್ತ ಗುಂಡುಗಳು ಕಪ್‌ನ ಒಳಮೈ ಮೇಲೆ ಸಾಲಾಗಿ ಉರುಳುತ್ತವೆ. ಅವು ಒತ್ತುವ ಜಾಗ ಕ್ರ್ಯಾಂಕ್ ತಿರುಗುವ ಕಡೆಗೇ ಸಾಗುತ್ತದೆ. ಕಪ್‌ಗೂ ಫ್ರೇಮಿಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇದ್ದೇ ಇರುತ್ತದೆ. ಆ ಸಂದಿನಲ್ಲಿ ಕಪ್ ಇದಕ್ಕೆ ವಿರುದ್ಧ ದಿಕ್ಕಿಗೆ ಬಹಳ ನಿಧಾನವಾಗಿ ಜರುಗುತ್ತದೆ. ಬಲಗಡೆಯಿಂದ ನೋಡಿದರೆ ಕ್ರ್ಯಾಂಕ್ ತಿರುಗುವುದು ಗಡಿಯಾರದ ದಿಕ್ಕಿಗೆ, ಕಪ್ ಜರುಗುವುದು ಅದಕ್ಕೆ ಉಲ್ಟಾ. ಅಲ್ಲಿ ಸೀದಾ ಥ್ರೆಡ್ ಇದ್ದರೆ ತುಳಿದಷ್ಟೂ ಬಿಚ್ಚಿಕೊಳ್ಳುತ್ತದೆ. ಇಟಲಿಯ ಫ್ರೇಮುಗಳಲ್ಲಿ ಎರಡೂ ಕಡೆ ಸೀದಾ ಥ್ರೆಡ್ ಇರುತ್ತದೆ. ಅವುಗಳ ಬಲಗಡೆಯ ಕಪ್ ಸಡಿಲವಾಗುವ ತೊಂದರೆ ಹಳೆಯದು. ಪೆಡಲ್‌ಗಳಲ್ಲಿ ಇದು ಅದಲು ಬದಲು: ಅಲ್ಲಿ ಉಲ್ಟಾ ಥ್ರೆಡ್ ಇರುವುದು ಎಡಗಡೆ. ಎರಡನ್ನೂ ಕಲಸಿಕೊಳ್ಳಬಾರದು.

ಈ ಕಪ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅದಕ್ಕೆ ಪಾನಾ ಹಿಡಿಯುವ ಅಂಚು ತೀರಾ ತೆಳ್ಳಗೆ, 36 ಎಂಎಂ ಪಾನಾ ಜಾರಿ ಬರುತ್ತಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕೌಲ್ ಬಜಾರಿನಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಚಾಚಾ ಹತ್ತಿರ ಫ್ರೇಮ್ ತಗೊಂಡು ಹೋದೆ. ಅವರು ಚಾಣ ಮುಟ್ಟಲಿಲ್ಲ. ಹಳೆ ಡಬ್ಬಿಯಿಂದ ಒಂದು ದಪ್ಪ ಬೋಲ್ಟ್ ತೆಗೆದರು. "ಏಟು ಹೊಡಿಬಾರ್ದು ತಮ್ಮಾ. ಅದ್ಕೆ ಹಿಡ್ಕೊಳಾಕೆ ಏನಾರ ಕೊಡ್ಬೇಕು" ಅಂದರು.

ಬೋಲ್ಟನ್ನು ಕಪ್‌ನ ತೂತಿನಲ್ಲಿ ತೂರಿಸಿ, ತಲೆ ಹೊರಗೆ, ನಟ್ ಒಳಗೆ, ಎರಡೂ ಕಡೆ ದಪ್ಪ ವಾಷರ್. ಎಡಗಡೆಯಿಂದ ಉದ್ದನೆಯ ಬಾಕ್ಸ್ ಪಾನಾ ಹಾಕಿ ನಟ್ ಹಿಡಿದು, ಹೊರಗಿನಿಂದ ಬೋಲ್ಟ್ ಬಿಗಿ ಮಾಡಿದರು. ವಾಷರುಗಳು ಕಪ್ಪನ್ನು ಕಚ್ಚಿಕೊಂಡವು. ಆಮೇಲೆ ನಟ್ ಬಿಟ್ಟು ಬೋಲ್ಟಿನ ತಲೆಯನ್ನು ಮಾತ್ರ ಗಡಿಯಾರದ ದಿಕ್ಕಿಗೆ ತಿರುಗಿಸಿದರು. ಬೋಲ್ಟ್ ಬಿಗಿಯಾಗುವ ದಿಕ್ಕೂ ಉಲ್ಟಾ ಥ್ರೆಡ್ ಬಿಚ್ಚುವ ದಿಕ್ಕೂ ಒಂದೇ ಆದ್ದರಿಂದ, ಎಳೆದಷ್ಟೂ ಹಿಡಿತ ಜಾಸ್ತಿಯಾಗುತ್ತದೆ. ಸಣ್ಣದೊಂದು ಸದ್ದಾಗಿ ಕಪ್ ತಿರುಗಿತು. ಪಾನಾ ಜಾರುವ ಮಾತೇ ಇಲ್ಲ. ಇಂಥ ಉಪಾಯ ಗೊತ್ತಿರುವವರು ಊರಲ್ಲಿ ಇರುವ ತನಕ ಕೇಳಿ ಕಲಿತುಕೊಳ್ಳಬೇಕು.

ಮನೆಗೆ ಬಂದು ಶೆಲ್ ತೊಳೆದೆ. ಫ್ರೇಮಿನ ಪೈಪುಗಳೆಲ್ಲ ಬಂದು ಸೇರುವ ಅಡ್ಡ ಕೊಳವೆಯೇ ಶೆಲ್. ಸೀಮೆಎಣ್ಣೆ, ಹಳೆ ಹಲ್ಲುಜ್ಜುವ ಬ್ರಷ್, ಬನಿಯನ್ ಬಟ್ಟೆ. ಕೆಂಪು ನೀರು ಹೋಗುವ ತನಕ ತೊಳೆಯಬೇಕು. ಕೆಳಗಡೆ ನೀರು ಇಳಿದು ಹೋಗಲೆಂದೇ ಒಂದು ಸಣ್ಣ ತೂತು ಇತ್ತು. ಅದು ಮಣ್ಣು ತುಂಬಿ ಮುಚ್ಚಿಹೋಗಿತ್ತು. ತಂತಿ ಹಾಕಿ ಬಿಡಿಸಿದೆ. ನೀರು ಬರುವುದು ಹೆಚ್ಚಾಗಿ ಮೇಲಿನಿಂದ: ಸೀಟ್ ಪೋಸ್ಟಿನ ಸೀಳಿನಿಂದ ಇಳಿದು ಬಂದು ಇಲ್ಲಿ ನಿಲ್ಲುತ್ತದೆ. ಬೈಕ್ ಜೊತೆ ಸೈಕಲ್ಲನ್ನೂ ವಾಟರ್ ಸರ್ವಿಸ್‌ಗೆ ಕೊಟ್ಟು ಜೋರಾಗಿ ನೀರು ಹೊಡೆಸಿದರೂ ಹೀಗೇ ಆಗುತ್ತದೆ.

ಈಗ ಅಳತೆ. ಹೊಸ ಬಿಬಿ ತರುವ ಮೊದಲು ಮೂರು ಅಳತೆ ಬೇಕೇ ಬೇಕು. ಶೆಲ್‌ನ ಅಗಲ, ಒಳಗಿನ ವ್ಯಾಸ, ಆಕ್ಸೆಲ್‌ನ ಉದ್ದ. ವರ್ನಿಯರ್ ಹಿಡಿದು ನೋಡಿದರೆ ಅಗಲ 68 ಎಂಎಂ. ಒಳವ್ಯಾಸ 34ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಇದು ಬಿಎಸ್ಎ ಥ್ರೆಡ್: 1.37 ಇಂಚು, ಒಂದು ಇಂಚಿಗೆ 24 ಹಲ್ಲು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಅನ್ನೋ ಕಂಪನಿ 1861ರಲ್ಲಿ ಬಂದೂಕು ಮಾಡಲು ಶುರುವಾದದ್ದು, ಆಮೇಲೆ ಸೈಕಲ್ಲಿಗೆ ಬಂತು. ಅದರ ಹೆಸರಿನ ಥ್ರೆಡ್ ಇವತ್ತಿಗೂ ಎಲ್ಲಾ ಕಡೆ ನಡೆಯುತ್ತದೆ. ಇಟಲಿಯದಾದರೆ ಶೆಲ್ 70 ಎಂಎಂ ಅಗಲ, ಥ್ರೆಡ್ 36 ಎಂಎಂ. ಹಳೆಯ ಫ್ರೆಂಚ್ ಫ್ರೇಮಿಗೆ 35 ಎಂಎಂ. ಇವು ಒಂದಕ್ಕೊಂದು ಹೊಂದುವುದಿಲ್ಲ, ಬಲವಂತ ಮಾಡಿದರೆ ಎರಡೂ ಹಾಳು. ಬಿಎಸ್ಎ ಶೆಲ್‌ನಲ್ಲೇ 73 ಎಂಎಂ ಅಗಲದ್ದೂ ಉಂಟು, ಅದಕ್ಕೆ ಕಾರ್ಟ್ರಿಡ್ಜ್ ಬೇರೆ.

ಆಕ್ಸೆಲ್ ಉದ್ದವನ್ನು ಸುಮ್ನೆ ಅಂದಾಜಿನಲ್ಲಿ ತರಬಾರದು. ಚಿಕ್ಕದಾದರೆ ಚೈನ್ ವೀಲ್ ಫ್ರೇಮಿಗೆ ತಾಗುತ್ತದೆ. ಉದ್ದವಾದರೆ ಚೈನ್ ಓರೆಯಾಗಿ ಓಡುತ್ತದೆ, ಮುಂದಿನ ಗೇರ್ ದೊಡ್ಡ ಚೈನ್ ವೀಲ್ ತನಕ ಮುಟ್ಟುವುದಿಲ್ಲ. ಕ್ರ್ಯಾಂಕ್ ಬಿಚ್ಚುವ ಮೊದಲೇ ನಾನು ಚೈನ್ ಲೈನ್, ಅಂದರೆ ಫ್ರೇಮಿನ ನಡುಗೆರೆಯಿಂದ ನಡುವಿನ ಚೈನ್ ವೀಲ್‌ಗೆ ಇರುವ ದೂರ, ಅಳೆದಿಟ್ಟುಕೊಂಡಿದ್ದೆ. ಸೀಟ್ ಟ್ಯೂಬಿನ ಮೈಯಿಂದ ನಡುವಿನ ಚೈನ್ ವೀಲ್‌ನ ಹಲ್ಲಿಗೆ 33 ಎಂಎಂ. ಸೀಟ್ ಟ್ಯೂಬ್ 28.6 ಎಂಎಂ ದಪ್ಪ, ಅದರ ಅರ್ಧ 14.3. ಕೂಡಿದರೆ 47 ಎಂಎಂ ಮೇಲೆ ಸ್ವಲ್ಪ. ಮೂರು ಚೈನ್ ವೀಲ್ ಇರುವ ಇಂಥ ಸೈಕಲ್ಲಿಗೆ 47.5 ಅಥವಾ 50 ಇರಬೇಕು. ಇದ್ದದ್ದು ಸರಿಯಾಗಿಯೇ ಇತ್ತು. ಹಳೆ ಆಕ್ಸೆಲ್ 122 ಚಿಲ್ಲರೆ. ಹಾಗಾಗಿ ಪೆಟ್ಟಿಗೆ ಮೇಲೆ 68 ಮತ್ತು 122.5 ಅಂತ ಬರೆದಿರುವ ಕಾರ್ಟ್ರಿಡ್ಜ್ ತರಿಸಿದೆ.

ಅದು ಬಂದ ಮೇಲೂ ತಕ್ಷಣ ಹಾಕಲಿಲ್ಲ. ಈ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂತದ್ದು ಫ್ರೇಮಿನ ಥ್ರೆಡ್ ಮೇಲೆ. ಹಲ್ಲುಗಳ ನಡುವೆ ಬಣ್ಣ ಒಣಗಿ ಕೂತಿತ್ತು, ಅದರ ಮೇಲೆ ತುಕ್ಕು. ಹೊಚ್ಚ ಹೊಸ ಫ್ರೇಮ್ ಆದರೂ ಥ್ರೆಡ್‌ನಲ್ಲಿ ಬಣ್ಣ ಇರುವುದುಂಟು. ಎಡಗಡೆಯ ಮೊದಲ ಸುತ್ತಿನ ಅಂಚು ಒಂದು ಕಡೆ ಮಡಚಿತ್ತು, ಹಿಂದೆ ಯಾರೋ ಕಪ್ಪನ್ನು ಓರೆಯಾಗಿ ನುಗ್ಗಿಸಿದ್ದಾರೆ. ಮೂರು ಮೂಲೆಯ ಸಣ್ಣ ಅರದಿಂದ ಆ ಅಂಚನ್ನು ನಿಧಾನಕ್ಕೆ ಎಬ್ಬಿಸಿ ಸರಿ ಮಾಡಿದೆ.

ಥ್ರೆಡ್ ಶುದ್ಧ ಮಾಡಲು ಬಿಬಿ ಟ್ಯಾಪ್ ಅಂತ ಬರುತ್ತದೆ. ಒಂದು ಸೀದಾ, ಒಂದು ಉಲ್ಟಾ, ಜೋಡಿ. ನಮ್ಮ ಲೇತ್ ಅಂಗಡಿಗಳಲ್ಲಿ ವಿಚಾರಿಸಿದರೆ ಆ ಅಳತೆಯ ಟ್ಯಾಪ್ ಇರಲಿಲ್ಲ, ಉಲ್ಟಾ ಅಂತೂ ಇಲ್ಲವೇ ಇಲ್ಲ. ಇದಕ್ಕೂ ದಾರಿ ಇದೆ. ಬಿಚ್ಚಿದ ಹಳೆ ಕಪ್‌ಗಳೇ ಸ್ಟೀಲಿನವು, ಇದೇ ಫ್ರೇಮಿನ ಥ್ರೆಡ್ ಇರುವಂಥವು. ಅವುಗಳ ಥ್ರೆಡ್‌ಗೆ ಅಡ್ಡವಾಗಿ ನಾಲ್ಕು ಕಡೆ ಗಾಡಿ, ಅಂದರೆ ಸಣ್ಣ ಕಾಲುವೆಯಂಥ ತೋಡು, ಕೊರೆದೆ. ಕಪ್ ಗಟ್ಟಿ ಮಾಡಿದ ಸ್ಟೀಲ್, ಗರಗಸದ ಬ್ಲೇಡ್ ಇಳಿಯುವುದಿಲ್ಲ. ಕಟಿಂಗ್ ಮಷೀನಿಗೆ ತೆಳು ಚಕ್ರ ಹಾಕಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಬೇಕು. ಆಮೇಲೆ ಗಾಡಿಯ ಅಂಚಿನಲ್ಲಿ ಎದ್ದ ಮುಳ್ಳು ಉಜ್ಜಿ ತೆಗೆಯಬೇಕು. ಈ ಕಪ್ ಹೊಸ ಹಲ್ಲು ಕಡಿಯುವುದಿಲ್ಲ, ಇರುವ ಹಲ್ಲಿನ ನಡುವಿನ ಕಸವನ್ನು ಕೆರೆದು ಗಾಡಿಗೆ ತುಂಬಿಕೊಳ್ಳುತ್ತದೆ. ನಮಗೆ ಬೇಕಾದದ್ದೂ ಅಷ್ಟೇ.

ಎಣ್ಣೆ ಹಾಕಿ, ಕೈಯಲ್ಲಿ ಶುರು ಮಾಡಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಹೊರಗೆ ತೆಗೆದು, ಗಾಡಿ ಒರೆಸಿ, ಮತ್ತೆ. ಅಳಿಯನ ಕೈಗೂ ಕೊಟ್ಟೆ. "ಮಾಮ, ಈಗ ಹಗುರ ಆಯ್ತು ನೋಡ್ರಿ" ಅಂತ ಅವನೇ ಹೇಳುವ ತನಕ ಮಾಡಿದೆವು. ಬಲಗಡೆ ಉಲ್ಟಾ ಥ್ರೆಡ್‌ನ ಕಪ್, ಎಡಗಡೆ ಸೀದಾ ಥ್ರೆಡ್‌ನದು. ಇದನ್ನು ಅದಲು ಬದಲು ಮಾಡಿದರೆ ಮುಗಿಯಿತು. ಕೊನೆಗೆ ಶೆಲ್‌ನ ಎರಡೂ ಬಾಯಿಯ ಅಂಚಿನ ಮೇಲಿದ್ದ ಬಣ್ಣದ ಗಂಟುಗಳನ್ನು ಕೆರೆದೆ. ಚೌಕ ಆಕ್ಸೆಲ್ಲಿನ ಕಾರ್ಟ್ರಿಡ್ಜ್‌ನಲ್ಲಿ ಎರಡೂ ಬೇರಿಂಗ್ ಒಂದೇ ಕೊಳವೆಯೊಳಗೆ ಇರುವುದರಿಂದ ಅಂಚು ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ನಡೆಯುತ್ತದೆ. ಬೇರಿಂಗ್ ಶೆಲ್‌ನ ಹೊರಗೆ ಕೂರುವ, 24 ಎಂಎಂ ಆಕ್ಸೆಲ್ಲಿನ ಹೊಸ ಬಗೆಗೆ ಇದು ನಡೆಯುವುದಿಲ್ಲ. ಅಲ್ಲಿ ಎರಡು ಅಂಚುಗಳೂ ಸಮನಾಗಿ ಇರಲೇಬೇಕು, ಇಲ್ಲದಿದ್ದರೆ ಬೇರಿಂಗ್ ಬೇಗ ಹೋಗುತ್ತದೆ.

ಇನ್ನು ಕೂರಿಸುವುದು. ಥ್ರೆಡ್‌ಗೆ ಗ್ರೀಸ್ ಧಾರಾಳವಾಗಿ ಹಚ್ಚಿದೆ, ಫ್ರೇಮಿಗೂ ಕಪ್‌ಗೂ. ಎಡಗಡೆಯ ಕಪ್ ಅಲ್ಯೂಮಿನಿಯಂ, ಫ್ರೇಮ್ ಸ್ಟೀಲ್. ನಡುವೆ ನೀರು ನಿಂತರೆ ಅಲ್ಯೂಮಿನಿಯಂ ತಿಂದುಹೋಗಿ ಎರಡೂ ಅಂಟಿಕೊಳ್ಳುತ್ತವೆ. ಗ್ರೀಸ್ ಇದ್ದರೆ ನೀರಿಗೆ ಜಾಗವಿಲ್ಲ.

ಕಾರ್ಟ್ರಿಡ್ಜ್‌ನ ಅಂಚುಪಟ್ಟಿ ಇರುವ ಕಡೆ ಬಲಗಡೆಗೆ. ಮೊದಲು ಬಿಗಿಯಾಗುವ ದಿಕ್ಕಿಗಲ್ಲ, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಬೇಕು. ಒಂದು ಕಡೆ ಬಂದಾಗ ಹಲ್ಲು ಹಲ್ಲಿನೊಳಗೆ ಟಕ್ ಅಂತ ಇಳಿಯುವುದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ನೇರವಾಗಿ ಹಿಡಿಯುತ್ತದೆ. ಬಲಗಡೆ ಬಹುಪಾಲು ಒಳಗೆ ಹೋದ ಮೇಲೆ ಎಡಗಡೆಯ ಕಪ್ಪನ್ನೂ ಕೈಯಲ್ಲೇ ಕೆಲವು ಸುತ್ತು ಹಿಡಿಸಿದೆ. ಕಾರ್ಟ್ರಿಡ್ಜ್ ಎರಡೂ ಕಡೆಯಿಂದ ಆಧಾರ ಪಡೆದು ನಡುವೆ ನಿಲ್ಲುತ್ತದೆ, ಬಲಗಡೆಯ ಥ್ರೆಡ್ ಮೇಲೆ ಓರೆ ಭಾರ ಬೀಳುವುದಿಲ್ಲ. ಇಷ್ಟರ ತನಕ ಪಾನಾ ನೆಲದ ಮೇಲೆಯೇ ಇತ್ತು. ಎರಡು ಸುತ್ತಿನೊಳಗೆ ಬಿಗಿ ಅನ್ನಿಸಿದರೆ ನಿಲ್ಲಿಸಿ, ಹೊರಗೆ ತೆಗೆದು ನೋಡಬೇಕು. ಅಲ್ಲಿ ಪಾನಾ ಹಾಕಿ ಒತ್ತಾಯ ಮಾಡುವುದಕ್ಕಿಂತ ಆ ಬಿಬಿ ಹಾಕದೇ ಇರುವುದು ವಾಸಿ.

ಕೊನೆಯ ಬಿಗಿಗೆ 20 ಹಲ್ಲಿನ ಬಿಬಿ ಟೂಲ್ ಬೇಕು. ಅದರ ಹಿಡಿತ ಆಳ ಕಡಿಮೆ, ಜಾರಿದರೆ ಕಪ್‌ನ ಹಲ್ಲು ಸವೆದುಹೋಗುತ್ತದೆ. ಅದಕ್ಕೆ ಟೂಲಿನ ತೂತಿನ ಮೂಲಕ ಕ್ರ್ಯಾಂಕ್ ಬೋಲ್ಟನ್ನು ದೊಡ್ಡ ವಾಷರ್ ಜೊತೆ ಆಕ್ಸೆಲ್ಲಿಗೆ ಹಾಕಿ, ಟೂಲ್ ಅಲ್ಲಾಡದಂತೆ ಹಿಡಿಸಿದೆ. ಮೊದಲು ಬಲಗಡೆ, ಅಂಚುಪಟ್ಟಿ ಶೆಲ್‌ಗೆ ಪೂರ್ತಿ ಒತ್ತಿಕೊಳ್ಳುವ ತನಕ. ಆಮೇಲೆ ಎಡಗಡೆ. ಬಿಗಿ 50ರಿಂದ 70 ನ್ಯೂಟನ್ ಮೀಟರ್ ಇರಬೇಕು. ಟಾರ್ಕ್ ಪಾನಾ ಇಲ್ಲದಿದ್ದರೆ ಚಿಂತೆ ಬೇಡ, ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಪಾನಾ ಹಿಡಿಕೆಯಲ್ಲಿ, ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ ಕೊಕ್ಕೆ ಸಿಕ್ಕಿಸಿ, ಹಿಡಿಕೆಗೆ ನೇರ ಅಡ್ಡವಾಗಿ ಎಳೆಯಿರಿ. ತಕ್ಕಡಿ 20 ಕೆಜಿ ತೋರಿಸಿದರೆ ಸುಮಾರು 59 ನ್ಯೂಟನ್ ಮೀಟರ್ ಆಯಿತು. ಕ್ರ್ಯಾಂಕ್ ಬೋಲ್ಟಿಗೆ 35ರಿಂದ 50 ಬೇಕು, ಅಲ್ಲಿ 14 ಕೆಜಿ ಎಳೆದರೆ 41.

ಕ್ರ್ಯಾಂಕ್ ಹಾಕುವಾಗ ಆಕ್ಸೆಲ್‌ನ ಚೌಕ ತುದಿಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಅಲ್ಲಿ ಗ್ರೀಸ್ ಹಚ್ಚಬೇಕೋ ಬೇಡವೋ ಅಂತ ಮೆಕ್ಯಾನಿಕ್‌ಗಳಲ್ಲೇ ಎರಡು ಪಂಗಡ ಇದೆ. ನಾನು ಒಣದಾಗಿಯೇ ಹಾಕುವವನು. ಬೋಲ್ಟಿನ ಥ್ರೆಡ್‌ಗೆ ಮಾತ್ರ ಗ್ರೀಸ್.

ಕರಿ ಸೈಕಲ್ ಇಟ್ಟುಕೊಂಡವರಿಗೆ, ಶಾಲೆಯಲ್ಲಿ ಕೊಟ್ಟ ಹಳೆ ಸೈಕಲ್ಲನ್ನು ಇನ್ನೂ ಓಡಿಸುವವರಿಗೆ ಒಂದು ಮಾತು. ನಿಮ್ಮ ಬಿಬಿಯಲ್ಲಿ ಬಿಡಿ ಗುಂಡುಗಳಿದ್ದರೆ ಅದು ಕೆಟ್ಟ ಸಾಮಾನೇನಲ್ಲ, ಆಕ್ಸೆಲ್ ಗುಳಿ ಬೀಳದೆ ಇದ್ದರೆ ತೊಳೆದು ಇನ್ನೂ ವರ್ಷಗಟ್ಟಲೆ ಓಡಿಸಬಹುದು. ಕಾಲು ಇಂಚಿನ ಗುಂಡು, ಸಾಮಾನ್ಯವಾಗಿ ಒಂದೊಂದು ಕಡೆಗೆ 11. ಹಳೆಯದರ ಜೊತೆ ಹೊಸದು ಬೆರೆಸಬೇಡಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಎಡಗಡೆಯ ಕಪ್ಪನ್ನು ಆಟ ಹೋಗುವಷ್ಟು ಮಾತ್ರ ಬಿಗಿ ಮಾಡಿ. ಲಾಕ್ ರಿಂಗ್ ತಿರುಗಿಸುವಾಗ ಕಪ್ ಜೊತೆಗೆ ತಿರುಗದಂತೆ ಇನ್ನೊಂದು ಕೈಯಲ್ಲಿ ಹಿಡಿದಿರಿ. ಆಕ್ಸೆಲ್ ಬೆರಳಲ್ಲಿ ತಿರುಗಿಸಿದರೆ ಕರಕರ ಅನ್ನಬಾರದು, ಅಲ್ಲಾಡಲೂಬಾರದು.

ಅಳಿಯನ ಸೈಕಲ್ಲಿಗೆ ಸೀಟ್ ಪೋಸ್ಟ್ ತೆಗೆದು ಗ್ರೀಸ್ ಹಚ್ಚಿ, ಸೀಳಿನ ಮೇಲೆ ಹಳೆ ಟ್ಯೂಬಿನ ಒಂದು ತುಂಡು ಬಳೆಯ ಹಾಗೆ ಏರಿಸಿದೆ, ನೀರು ಇಳಿಯದಿರಲಿ ಅಂತ. ಆಕ್ಸೆಲ್ ಉದ್ದ ಮೊದಲಿನಷ್ಟೇ ಇರುವುದರಿಂದ ಮುಂದಿನ ಗೇರ್ ಮುಟ್ಟಬೇಕಾಗಲಿಲ್ಲ. ಚೈನ್ ಲೈನ್ ಮತ್ತೆ ಅಳೆದೆ, 47ರ ಮೇಲೆಯೇ ಬಂತು. ಅವನು ಸಂಡೂರಿಗೆ ಹೋಗಿ ಬಂದ ಮೇಲೆ ಕ್ರ್ಯಾಂಕ್ ಬೋಲ್ಟ್‌ಗಳನ್ನು ತಕ್ಕಡಿ ಹಿಡಿದು ಇನ್ನೊಮ್ಮೆ ನೋಡಿದೆ. ಎಡಗಡೆಯದು ಚೂರು ತಿರುಗಿತು, ಬಲಗಡೆಯದು ಅಲ್ಲಾಡಲಿಲ್ಲ. ಸಡಿಲ ಬೋಲ್ಟಿನಲ್ಲಿ ಓಡಿಸಿದರೆ ಕ್ರ್ಯಾಂಕಿನ ಚೌಕ ತೂತು ಸವೆದು ದುಂಡಾಗುತ್ತದೆ, ಅದಕ್ಕೇ ಈ ಒಂದು ಸಲದ ಪರೀಕ್ಷೆ.

ಗಾಡಿ ಕೊರೆದ ಆ ಎರಡು ಕಪ್‌ಗಳನ್ನು ಚಾಚಾಗೆ ಕೊಟ್ಟೆ. ಉಲ್ಟಾ ಥ್ರೆಡ್‌ನದನ್ನು ಬೆಳಕಿಗೆ ಹಿಡಿದು ನೋಡಿ, "ಇದೊಂದು ಇದ್ರೆ ಬೇಜಾನ್ ಕೆಲ್ಸ ಆಗ್ತೈತೆ" ಅಂದರು. ಅಂಗಡಿಯಲ್ಲಿ ಬಲಗಡೆ ಕಪ್ ಕೂರದೆ ನಿಂತಿದ್ದ ಇನ್ನೊಂದು ಫ್ರೇಮ್ ಇತ್ತು, ಎಣ್ಣೆ ಹಾಕಿ ಅದಕ್ಕೇ ಹಚ್ಚಿ ತಿರುಗಿಸಲು ಶುರು ಮಾಡಿದರು.